ಬ್ಯಾಗು ತೋರಿಸಿದೆ, ಡಿಕ್ಕಿ ತೋರಿಸಿದೆ, ಮೊಬೈಲೂ ತೆರೆದು ಕೊಡಬೇಕಾ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಮಡಗಾಂವದಲ್ಲಿ, ಮನೆ ಕಾರವಾರದಲ್ಲಿ. ವಾರದ ಕೊನೆಗೆ ಸ್ಕೂಟರ್ ಮೇಲೆ ಬರುವುದು ರೂಢಿ. ಮೊನ್ನೆ ರಾತ್ರಿ ಬರುವಾಗ ದಾರಿಯಲ್ಲಿ ಒಂದು ಕಡೆ ಪೊಲೀಸರು ತಡೆದರು. ಲೈಸೆನ್ಸ್, ಆರ್‌ಸಿ ತೋರಿಸಿದೆ. ಬ್ಯಾಗ್ ತೆಗಿ ಅಂದರು, ತೆಗೆದೆ. ಡಿಕ್ಕಿ ನೋಡಿದರು. ಗೋವಾದಿಂದ ಬರುವವರ ಹತ್ತಿರ ಬಾಟ್ಲಿ ಹುಡುಕುತ್ತಾರೆ ಅಂತ ಗೊತ್ತಿದ್ದದ್ದೇ, ಅದಕ್ಕೆ ಬೇಜಾರಿಲ್ಲ. ಬಾಟ್ಲಿ ಸಿಗಲಿಲ್ಲ. ಆಮೇಲೆ ಒಬ್ಬರು "ಮೊಬೈಲ್ ಲಾಕ್ ತೆಗಿ" ಅಂದರು. ತೆಗೆದು ಕೊಟ್ಟೆ. ವಾಟ್ಸಾಪ್, ಗ್ಯಾಲರಿ ಎಲ್ಲ ಮೇಲೆ ಕೆಳಗೆ ಜಾರಿಸಿ ನೋಡಿದರು. ತಂಗಿಯ ಸೀಮಂತದ ಫೋಟೋ ಎಲ್ಲ ಇತ್ತು ಅದರಲ್ಲಿ. ನೋಡಿ ವಾಪಸ್ ಕೊಟ್ಟು "ಹೋಗು" ಅಂದರು, ಅಷ್ಟೇ.

ರೂಮಿನಲ್ಲಿ ಈಗ ದೊಡ್ಡ ಜಗಳ. ಒಬ್ಬ ಹೇಳುತ್ತಾನೆ, ಪೊಲೀಸರಿಗೆ ಎಲ್ಲ ಪವರ್ ಇದೆ, ಸುಮ್ಮನಿರು. ಇನ್ನೊಬ್ಬ ಹೇಳುತ್ತಾನೆ, ವಾರೆಂಟ್ ಇಲ್ಲದೆ ಮುಟ್ಟುವ ಹಾಗೇ ಇಲ್ಲ, ಸಂವಿಧಾನದಲ್ಲೇ ಇದೆ. ಯಾವ ವಿಧಿ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ತಿಳಿದವರು ಹೇಳಿ.

ಬಂದರ್ ಬಾಜೂ

ತಪ್ಪು ಮಾಡದವನಿಗೆ ಹೆದರಿಕೆ ಎಂತಕ್ಕೆ ತಮಾ? ತೋರಿಸಿದೆ, ಬಂದೆ, ಮುಗೀತು. ಗಡಿಯಲ್ಲಿ ಇರುವವರು ನಾವು, ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ.

ಕೋಡಿಬಾಗದವ

ಅಣ್ಣ, ಹೆದರಿಕೆ ಅಲ್ಲ. ನಿನ್ನ ಮನೆಯವರ ಫೋಟೋ ಗುರುತಿಲ್ಲದವರು ರಸ್ತೆ ಮೇಲೆ ನಿಂತು ನೋಡಿದರೆ ನೀ ಸುಮ್ಮನಿರ್ತೀಯಾ?

ಕರಿಕೋಟು, ಕುಮಟಾ

ನಿಮ್ಮ ರೂಮಿನ ಇಬ್ಬರೂ ಅರ್ಧರ್ಧ ಸರಿ. ನಾನು ವಕೀಲೆ, ಕ್ರಿಮಿನಲ್ ಕಡೆಯೇ ಹೆಚ್ಚು ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

"ವಾರೆಂಟ್ ಇಲ್ಲದೆ ಹುಡುಕುವಂತಿಲ್ಲ" ಅನ್ನುವ ವಿಧಿ ನಮ್ಮ ಸಂವಿಧಾನದಲ್ಲಿ ಇಲ್ಲ. ಇರುವುದು ಮೂರು. 20(3): ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು. 21: ಕಾನೂನು ಹಾಕಿಕೊಟ್ಟ ಕ್ರಮದಲ್ಲಲ್ಲದೆ ಯಾರ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ. 22: ಬಂಧಿಸಿದರೆ ಕಾರಣ ಹೇಳಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ತಪಾಸಣೆ ಈ ಮೂರರಲ್ಲಿ ಎಲ್ಲಿ ಬರುತ್ತದೆ? 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಎಲ್ಲಿಯೂ ಬರುವುದಿಲ್ಲ ಅಂದುಬಿಟ್ಟರು. ಸಂವಿಧಾನ ಬರೆದವರೇ ಹಾಕದ ಖಾಸಗಿತನದ ಹಕ್ಕನ್ನು ನಾವು ಎಳೆದು ತರುವುದಿಲ್ಲ ಅನ್ನುವುದು ಅವರ ಮಾತಿನ ಸಾರ. ಅರವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ವಕೀಲರು ಅದನ್ನೇ ಹಿಡಿದು ವಾದ ಮಾಡಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಖಾಸಗಿತನ 21ರ ಒಳಗೇ ಇದೆ ಅಂದಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಅಲ್ಲಿಂದ ಮುಂದೆ ಲೆಕ್ಕ ಹೀಗೆ. ಯಾರ ಖಾಸಗಿ ವಿಷಯಕ್ಕಾದರೂ ಸರ್ಕಾರ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ನಿಮ್ಮ ಲೈಸೆನ್ಸ್ ಕೇಳಲು ಮೋಟಾರು ವಾಹನ ಕಾಯ್ದೆ ಇದೆ. ಬಾಟ್ಲಿ ಹುಡುಕಲು ಅಬಕಾರಿ ಕಾಯ್ದೆ ಇದೆ. ಗಾಂಜಾ ಅನುಮಾನವಿದ್ದರೆ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ಇದೆ. ಯಾವ ಅನುಮಾನವೂ ಇಲ್ಲದೆ, ಯಾವ ಕೇಸೂ ಇಲ್ಲದೆ ಗ್ಯಾಲರಿ ಜಾರಿಸಿ ನೋಡಲು ಇವ್ಯಾವುದರಲ್ಲೂ ಅಧಿಕಾರವಿಲ್ಲ.

ಮೊಬೈಲ್ ಬಗ್ಗೆಯೇ ನಮ್ಮ ಹೈಕೋರ್ಟಿನ ತೀರ್ಪಿದೆ: 2021ರ ವೀರೇಂದ್ರ ಖನ್ನಾ ಪ್ರಕರಣ. ಬೆಂಗಳೂರಿನ ಡ್ರಗ್ಸ್ ಕೇಸಿನಿಂದ ಬಂದದ್ದು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಆರೋಪಿ ಕೊಡದಿದ್ದರೆ ಕೋರ್ಟಿಗೆ ಹೋಗಿ ಸರ್ಚ್ ವಾರೆಂಟ್ ತರಬೇಕು. ತುರ್ತಿದ್ದರೆ ವಾರೆಂಟ್ ಇಲ್ಲದೆ ನೋಡಬಹುದು, ಆದರೆ ಏನು ತುರ್ತು ಅಂತ ಮೊದಲೇ ಬರೆದಿಡಬೇಕು. ಇದೆಲ್ಲ ಕೇಸು ದಾಖಲಾದ ಮೇಲಿನ ಮಾತು ಅನ್ನುವುದನ್ನು ಗಮನಿಸಿ. ರಸ್ತೆ ಬದಿಯ ಕುತೂಹಲಕ್ಕೆ ಅದರಲ್ಲಿ ಜಾಗವಿಲ್ಲ.

ಅದೇ ತೀರ್ಪು ಪಾಸ್‌ವರ್ಡ್ ಕೊಡಿಸಿದರೆ 20(3) ಮುರಿದಂತಲ್ಲ, ಅದು ಬೆರಳಚ್ಚು ಕೊಟ್ಟ ಹಾಗೆ ಅಂತಲೂ ಹೇಳಿದೆ. ನನಗೆ ಇದು ಒಪ್ಪಿಗೆಯಿಲ್ಲ. ಬೆರಳಚ್ಚು ಕೈ ಮೇಲಿರುತ್ತದೆ, ಪಾಸ್‌ವರ್ಡ್ ತಲೆಯೊಳಗಿರುತ್ತದೆ. ತಲೆಯೊಳಗಿನದನ್ನು ಬಲವಂತದಿಂದ ತೆಗೆಯಬಾರದು ಅಂತಲೇ 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ತಡೆದದ್ದು. ಅದೂ ಕರ್ನಾಟಕದ್ದೇ ಕೇಸು.

ಕೋಡಿಬಾಗದವ

ರಾಶಿ ಉಪಕಾರ ಮೇಡಂ. ಆದರೆ ರಾತ್ರಿ ಹೊತ್ತು, ಕತ್ತಲು, ಒಬ್ಬನೇ. ಅವರ ಹತ್ತಿರ "ಕೊಡುವುದಿಲ್ಲ, ಪುಟ್ಟಸ್ವಾಮಿ ತೀರ್ಪಿದೆ" ಅಂತ ಹೇಳಲಿಕ್ಕೆ ಆಗ್ತದಾ?

ಖಾಕಿ ಬಿಚ್ಚಿಟ್ಟವ

ಹಾಗೆ ಹೇಳಬೇಡ ತಮಾ. ನಾನು ಇಲಾಖೆಯಲ್ಲಿದ್ದವ, ಎಎಸ್‌ಐ ಆಗಿ ನಿವೃತ್ತಿ. ಬೀಟಿನಲ್ಲಿ ನಿಂತವನಿಗೆ ತೀರ್ಪಿನ ಹೆಸರು ಹೇಳಿದರೆ ಅವನಿಗೆ ನೀನು ಸವಾಲು ಹಾಕಿದ ಹಾಗೆ ಕೇಳ್ತದೆ. "ಸಾಹೇಬ್ರೆ, ಮನೆಯವರ ಫೋಟೋ ಇದೆ, ಯಾವ ಕೇಸಿಗೆ ಬೇಕು ಹೇಳಿ, ಬರೆದು ಕೊಟ್ಟರೆ ಠಾಣೆಗೇ ಬಂದು ಕೊಡ್ತೇನೆ" ಅನ್ನು. ಬರೆದು ಕೊಡಬೇಕು ಅಂದ ಕೂಡಲೇ ನೂರಕ್ಕೆ ತೊಂಬತ್ತು ಮಂದಿ ಬಿಟ್ಟುಬಿಡ್ತಾರೆ. ಎಂತಕ್ಕೆ ಅಂದರೆ ಬರೆಯಲಿಕ್ಕೆ ಅವರ ಹತ್ತಿರ ಕಾರಣ ಇರುವುದಿಲ್ಲ.

ನಮ್ಮ ಕಡೆಯದನ್ನೂ ಹೇಳ್ತೇನೆ. ರಾತ್ರಿ ನಾಕಾಬಂದಿ ಅಂದರೆ ಮೇಲಿನವರು ಬೆಳಿಗ್ಗೆ "ಎಷ್ಟು ಕೇಸ್ ಹಿಡಿದಿರಿ" ಅಂತ ಕೇಳ್ತಾರೆ. ಎಷ್ಟು ಮಂದಿಯನ್ನ ಮರ್ಯಾದೆಯಿಂದ ಕಳಿಸಿದಿರಿ ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಹುಡುಗರು ಮೊಬೈಲಿಗೆ ಕೈ ಹಾಕುವುದು ಆಗಿಂದ ಬಂದ ಚಟ. ಗಾಂಜಾ ಮಾರುವವರು ವಾಟ್ಸಾಪಿನಲ್ಲೇ ಮಾತಾಡ್ತಾರೆ ಅಂತ ಒಂದೆರಡು ಕಡೆ ಸಿಕ್ಕಿತು, ಆಮೇಲೆ ಎಲ್ಲರ ಮೊಬೈಲೂ ನೋಡುವುದು ಶುರುವಾಯ್ತು.

ತಪ್ಪೇ ಅದು. ಆದರೆ ಕೈ ತಳ್ಳುವುದು, ವಿಡಿಯೋ ಮಾಡ್ತಾ ಮುಖಕ್ಕೆ ಹಿಡಿಯುವುದು ಮಾಡಿದರೆ ಕರ್ತವ್ಯಕ್ಕೆ ಅಡ್ಡಿ ಅಂತ ಬೇರೆಯೇ ಕೇಸ್ ಆಗ್ತದೆ. ಆಗ ನಿನ್ನ ಹಕ್ಕಿನ ಮಾತು ಹಿಂದೆ ಹೋಗ್ತದೆ.

ಹೊನ್ನಾವರ ಟು ಸನಿವೇಲ್

ಇಲ್ಲಿ ಅಮೆರಿಕದಲ್ಲಿ ಇದಕ್ಕೆ ಪ್ರತ್ಯೇಕ ತಿದ್ದುಪಡಿಯೇ ಇದೆ, ನಾಲ್ಕನೆಯದು, 1791ರಿಂದ. ವ್ಯಕ್ತಿ, ಮನೆ, ಕಾಗದಪತ್ರ, ವಸ್ತು ಇವುಗಳ ಮೇಲೆ ಸಕಾರಣವಿಲ್ಲದ ತಪಾಸಣೆ, ಜಪ್ತಿ ಕೂಡದು ಅಂತ. ಅದಕ್ಕಿಂತ ಮುಖ್ಯ, ಅಕ್ರಮವಾಗಿ ಹುಡುಕಿ ತೆಗೆದ ಸಾಕ್ಷ್ಯವನ್ನು ಕೋರ್ಟಿನ ಹೊರಗೇ ಇಡುತ್ತಾರೆ. 1961ರ ಮ್ಯಾಪ್ ತೀರ್ಪಿನಿಂದ ರಾಜ್ಯಗಳ ಪೊಲೀಸರಿಗೂ ಅದು ಅನ್ವಯ. 2014ರಲ್ಲಿ ರೈಲಿ ಪ್ರಕರಣದಲ್ಲಿ ಬಂಧಿಸಿದವನ ಮೊಬೈಲ್ ನೋಡಲೂ ವಾರೆಂಟ್ ಬೇಕು ಅಂತ ಒಮ್ಮತದ ತೀರ್ಪು ಬಂತು.

ಇಲ್ಲಿಯೂ ಸ್ವರ್ಗವೇನಲ್ಲ. ಕಾರಿನ ವಿಷಯದಲ್ಲಿ 1925ರಿಂದಲೇ ವಿನಾಯಿತಿ ಇದೆ, ಬಲವಾದ ಕಾರಣ ಇದ್ದರೆ ವಾರೆಂಟ್ ಬೇಡ. ಪೊಲೀಸ್ ನಗುತ್ತಾ "ಸ್ವಲ್ಪ ನೋಡಬಹುದಾ?" ಅಂತ ಕೇಳುತ್ತಾನೆ, ನಮ್ಮವರು ಸಂಕೋಚಕ್ಕೆ "ನೋಡಿ ಸರ್" ಅನ್ನುತ್ತಾರೆ. ಅಲ್ಲಿಗೆ ಒಪ್ಪಿಗೆ ಕೊಟ್ಟಂತಾಯಿತು, ಹಕ್ಕು ಮುಗಿಯಿತು.

ನಮ್ಮಲ್ಲಿ ಅಕ್ರಮವಾಗಿ ಹುಡುಕಿದರೆ ಸಾಕ್ಷ್ಯ ಬಿದ್ದುಹೋಗುತ್ತದಾ ವಕೀಲರೇ?

ಕರಿಕೋಟು, ಕುಮಟಾ

ಇಲ್ಲ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಪೂರನ್ ಮಲ್ ಪ್ರಕರಣದಲ್ಲಿ, 1973ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸಾಕ್ಷ್ಯ ಕೇಸಿಗೆ ಸಂಬಂಧಪಟ್ಟದ್ದಾದರೆ ಸಾಕು, ಅದನ್ನು ಹುಡುಕಿದ ರೀತಿ ತಪ್ಪಾಗಿತ್ತು ಅನ್ನುವ ಒಂದೇ ಕಾರಣಕ್ಕೆ ಎಸೆಯಬೇಕಾಗಿಲ್ಲ. ಅದು ಆದಾಯ ತೆರಿಗೆ ದಾಳಿಯ ಕೇಸು, ಆದರೆ ಎಲ್ಲ ಕಡೆ ಹಾಕುತ್ತಾರೆ.

ಹಾಗಾಗಿ ನಮ್ಮಲ್ಲಿ ಪೊಲೀಸರಿಗೆ ಇರುವ ನಿಜವಾದ ಕಡಿವಾಣ ಕಾಗದ. ಹುಡುಕುವುದನ್ನು ಬಾಗಿಲಲ್ಲೇ ತಡೆಯುವ ವಿಧಿ ಇಲ್ಲ. ಆದರೆ ಯಾಕೆ ಹುಡುಕಿದಿರಿ, ಯಾರ ಎದುರು ಹುಡುಕಿದಿರಿ, ಏನು ಸಿಕ್ಕಿತು, ಯಾರಿಗೆ ಪ್ರತಿ ಕೊಟ್ಟಿರಿ ಅನ್ನುವುದನ್ನೆಲ್ಲ ಬರೆಸುವ ಕಲಂಗಳು ಬೇಕಷ್ಟಿವೆ. ಕಾಗದ ಇಲ್ಲದಲ್ಲಿ, ಅಥವಾ ಕಾಗದ ಸುಳ್ಳಾದಲ್ಲಿ, ಕೇಸು ಬೀಳುತ್ತದೆ.

ನಮ್ಮೂರಿನವರಿಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಅಬಕಾರಿ ಕಾಯ್ದೆಯ 54ನೇ ಕಲಂ. ವಾರೆಂಟ್ ತರುವಷ್ಟರಲ್ಲಿ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಅಥವಾ ಮಾಲು ಬಚ್ಚಿಡುತ್ತಾನೆ ಅನ್ನಿಸಿದರೆ ಅಧಿಕಾರಿ ವಾರೆಂಟ್ ಇಲ್ಲದೆ ಹುಡುಕಬಹುದು. ಆದರೆ ಹಾಗೆ ಅನ್ನಿಸಲು ಕಾರಣವೇನು ಅಂತ ಮೊದಲು ಬರೆದಿಡಬೇಕು. 1979ರಲ್ಲಿ ಕೆ.ಎಲ್. ಸುಬ್ಬಯ್ಯ ಎದುರು ಕರ್ನಾಟಕ ರಾಜ್ಯ ಅನ್ನುವ ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾರಿನಲ್ಲಿ ಮದ್ಯ ಸಿಕ್ಕಿತ್ತು. ಅಧಿಕಾರಿ ಕಾರಣ ಬರೆದಿರಲಿಲ್ಲ. ಆ ತಪಾಸಣೆಗೆ ಅಧಿಕಾರವೇ ಇರಲಿಲ್ಲ ಅಂತ ಶಿಕ್ಷೆ ರದ್ದಾಯಿತು. ಇಂದಿಗೂ ಗೋವಾ ಮದ್ಯದ ಕೇಸುಗಳಲ್ಲಿ ನಾವು ಮೊದಲು ಹುಡುಕುವುದು ಆ ಒಂದು ಹಾಳೆಯನ್ನೇ.

ಇದನ್ನು ಓದಿ ಯಾರೂ ಸೀಟಿನಡಿ ಬಾಟ್ಲಿ ಇಟ್ಟುಕೊಂಡು ಬರಬೇಡಿ ಮತ್ತೆ.

ಬಂದರ್ ಬಾಜೂ

ಕೊನೆಯ ಸಾಲು ನನಗೇ ಬರೆದ ಹಾಗಿದೆ ಮೇಡಂ 😄

ಮಾಸ್ತರ್ರು, ಅಂಕೋಲಾ

ವಕೀಲೆಯವರು "ಸಂವಿಧಾನ ಬರೆದವರೇ ಹಾಕದ" ಹಕ್ಕು ಎಂದು ತೀರ್ಪಿನ ಮಾತನ್ನು ಹೇಳಿದರಲ್ಲ, ಆ ಕಥೆ ಸ್ವಲ್ಪ ಬೇರೆಯೇ ಇದೆ. ಹಾಕಬೇಕೆಂಬ ಮಾತು ನಡೆದಿತ್ತು. ಮೂಲಭೂತ ಹಕ್ಕುಗಳ ಉಪಸಮಿತಿಯ ಕರಡಿನಲ್ಲಿ ಸಕಾರಣವಿಲ್ಲದ ತಪಾಸಣೆಯಿಂದ ರಕ್ಷಣೆಯ ಅಂಶವಿತ್ತು. ಇದರಿಂದ ಅಪರಾಧ ತನಿಖೆಗೆ ತೊಡಕಾದೀತು ಎಂದು ಆಕ್ಷೇಪಿಸಿದವರಲ್ಲಿ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಒಬ್ಬರು, ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್ ಇನ್ನೊಬ್ಬರು. ರಾವ್ ನಮ್ಮದೇ ಕರಾವಳಿಯವರು, ಮಂಗಳೂರಿನ ಕಡೆಯವರು. ಅಂಶ ಬಿಟ್ಟುಹೋಯಿತು.

1948ರ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅದನ್ನೇ ತಿದ್ದುಪಡಿಯಾಗಿ ಸಂವಿಧಾನ ರಚನಾ ಸಭೆಯ ಮುಂದಿಟ್ಟರು. ಅಂಬೇಡ್ಕರರು ಒಪ್ಪಿಕೊಳ್ಳಲು ಸಿದ್ಧರಿದ್ದರು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಹೇಗೂ ಇದೆ, ಸಂವಿಧಾನದಲ್ಲೂ ಇರಲಿ, ಉಪಯೋಗದ್ದೇ ಎಂಬುದು ಅವರ ನಿಲುವು. ಆದರೂ ಮತಕ್ಕೆ ಹಾಕಿದಾಗ ಅದು ಬಿದ್ದುಹೋಯಿತು. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರರೇ ತಂದ ಹೊಸ ವಿಧಿ ಈಗಿನ 22. ಬಂಧನಕ್ಕಾದರೂ ಒಂದು ಬೇಲಿ ಹಾಕಿದರು, ತಪಾಸಣೆಗೆ ಆಗಲಿಲ್ಲ.

ನಮ್ಮ ಜಿಲ್ಲೆಗೆ ಈ ಬೇಲಿ ಯಾಕೆ ಬೇಕೆಂದು ಹೊರಗಿನವರು ಹೇಳಬೇಕಾಗಿಲ್ಲ. 1930ರ ಏಪ್ರಿಲಿನ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ. ಅಂಕೋಲಾ, ಸಿದ್ದಾಪುರ, ಶಿರಸಿ ಸೀಮೆಯಲ್ಲಿ ತೀರ್ವೆ ಕೊಡದವರ ಮನೆಯ ಪಾತ್ರೆ ಪಗಡಿ, ದನಕರು, ಜಮೀನು ಎಲ್ಲ ಜಪ್ತಿಯಾದವು. ನಮ್ಮ ಹಳೆಯ ಹೆಂಗಸರ ಬಾಯಲ್ಲಿ 'ಜಪ್ತಿ' ಎಂದರೆ ಅಡುಗೆಮನೆಯ ಹಂಡೆ ಅಂಗಳಕ್ಕೆ ಬರುವುದು.

ಓಂ ಬೀಚ್ ಮೆಟ್ಟಿಲು

ಗೋಕರ್ಣದಲ್ಲಿ ಹೋಂಸ್ಟೇ ಇಟ್ಟಿದ್ದೇನೆ. ಸೀಸನ್ನಿನಲ್ಲಿ ರೇಡ್ ಇದ್ದದ್ದೇ. ನಮಗೆ ಗೊತ್ತಾಗದ್ದು ಇಷ್ಟು: ರಾತ್ರಿ ಬಂದು "ರೂಮ್ ನೋಡಬೇಕು" ಅಂದರೆ ಗಿರಾಕಿಯ ರೂಮಿನ ಕೀಲಿ ನಾನು ಕೊಡಬಹುದಾ? ಕೊಡದಿದ್ದರೆ ನನ್ನ ಮೇಲೆ ಕೇಸ್ ಹಾಕ್ತಾರಾ? ಗಿರಾಕಿಗಳು ಮಾತ್ರ "ನೀನೇ ಹಿಡಿಸಿಕೊಟ್ಟೆ" ಅಂತ ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕಿ ಹೋಗ್ತಾರೆ.

ಕರಿಕೋಟು, ಕುಮಟಾ

ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎರಡು ದಾರಿ ಇವೆ. ಕಟ್ಟಡ, ವಾಹನ, ಮುಚ್ಚಿದ ಜಾಗ ಆದರೆ 42ನೇ ಕಲಂ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ, ಅಧಿಕಾರ ಪಡೆದ ಅಧಿಕಾರಿ, ಬಂದ ಮಾಹಿತಿಯನ್ನು ಬರೆದುಕೊಂಡು, ವಾರೆಂಟ್ ಇಲ್ಲದೆ ಹುಡುಕಬಹುದು. ಕತ್ತಲಾದ ಮೇಲೆ ಬಂದರೆ ವಾರೆಂಟಿಗೆ ಕಾಯಲು ಯಾಕೆ ಆಗುವುದಿಲ್ಲ ಅನ್ನುವ ಕಾರಣವನ್ನೂ ಬರೆಯಬೇಕು. ಬರೆದದ್ದರ ಪ್ರತಿ 72 ಗಂಟೆಯೊಳಗೆ ಮೇಲಧಿಕಾರಿಗೆ ಹೋಗಬೇಕು. ಸಾರ್ವಜನಿಕ ಸ್ಥಳವಾದರೆ 43ನೇ ಕಲಂ, ಇಷ್ಟೆಲ್ಲ ಇಲ್ಲ. ಆ ಕಲಮಿನ ವಿವರಣೆಯಲ್ಲಿ ಹೋಟೆಲೂ ಸೇರಿದೆ. ಬಾಡಿಗೆಗೆ ಕೊಟ್ಟು ಒಳಗಿಂದ ಚಿಲಕ ಹಾಕಿದ ರೂಮು ಯಾವುದರಲ್ಲಿ ಬರುತ್ತದೆ ಅಂತ ಕೋರ್ಟಿನಲ್ಲಿ ಎರಡೂ ಕಡೆಯವರು ವಾದ ಮಾಡುತ್ತೇವೆ. ಅದನ್ನು ನೀವು ಬಾಗಿಲಲ್ಲಿ ನಿಂತು ಬಗೆಹರಿಸಲು ಹೋಗಬೇಡಿ. ಕೀಲಿ ಕೊಡಿ, ಗಿರಾಕಿಯನ್ನು ಎದುರಿಗೆ ನಿಲ್ಲಿಸಿ, ಬಂದ ಅಧಿಕಾರಿಯ ಹೆಸರು, ಹುದ್ದೆ, ಹೊತ್ತು ನಿಮ್ಮ ರಿಜಿಸ್ಟರಿನಲ್ಲಿ ಬರೆಯಿರಿ.

ಗಿರಾಕಿಗೆ ಗೊತ್ತಿರಬೇಕಾದದ್ದು 50ನೇ ಕಲಂ. ಮೈ ತಡವಿ ನೋಡುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಮಾಡಿ ಅಂತ ಕೇಳುವ ಹಕ್ಕಿದೆ ಅಂತ ಪೊಲೀಸರೇ ಹೇಳಬೇಕು. 1999ರ ಬಲದೇವ್ ಸಿಂಗ್ ತೀರ್ಪಿನ ಪ್ರಕಾರ ಇದನ್ನು ಹೇಳದೆ ಮೈಯಿಂದ ತೆಗೆದ ಮಾಲಿನ ಮೇಲೆ ಮಾತ್ರ ಶಿಕ್ಷೆ ನಿಲ್ಲುವುದಿಲ್ಲ. ಇದು ಪೂರನ್ ಮಲ್ ತೀರ್ಪಿಗೆ ದೊಡ್ಡ ಅಪವಾದ. ಆದರೆ ಮೈಗೆ ಮಾತ್ರ. ಬ್ಯಾಗಿಗೆ ಇಲ್ಲ. 2005ರ ಪವನ್ ಕುಮಾರ್ ತೀರ್ಪಿನಿಂದ ಅದು ಗಟ್ಟಿಯಾಗಿದೆ. ಜೇಬಿನಲ್ಲಿದ್ದರೆ ಒಂದು ನ್ಯಾಯ, ಹೆಗಲ ಚೀಲದಲ್ಲಿದ್ದರೆ ಇನ್ನೊಂದು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು, ಅದಕ್ಕೆ ವಿನಾಯಿತಿಯೇ ಇಲ್ಲ.

ಖಾಕಿ ಬಿಚ್ಚಿಟ್ಟವ

ಪಂಚರ, ಅಂದರೆ ತಪಾಸಣೆಗೆ ಸಾಕ್ಷಿ ನಿಲ್ಲುವವರ, ಕಷ್ಟ ಹೇಳದಿದ್ದರೆ ಈ ಚರ್ಚೆ ಪೂರ್ತಿ ಆಗುವುದಿಲ್ಲ. ಕಾನೂನು ಹೇಳುವುದು ಆ ಜಾಗದ ಇಬ್ಬರು ಸ್ವತಂತ್ರ, ಮರ್ಯಾದಸ್ಥರು ಬೇಕು ಅಂತ. ನಾವು ಪೇಟೆಯಲ್ಲಿ ನಿಂತು "ಪಂಚನಾಮೆಗೆ ಬನ್ನಿ" ಅಂದರೆ ಅಂಗಡಿಯವರು ಶಟರ್ ಎಳೆದು ಹೋಗ್ತಿದ್ದರು. ಅವರದ್ದೂ ತಪ್ಪಲ್ಲ. ಕೋರ್ಟಿಗೆ ಅಲೆಯುವುದು, ಆರೋಪಿಯ ಕಡೆಯವರ ದ್ವೇಷ, ದಿನದ ಗಳಿಕೆ ಹೋಗುವುದು. ಕಡೆಗೆ ಏನಾಗ್ತದೆ, ಠಾಣೆಯ ಹತ್ತಿರವೇ ಓಡಾಡುವ ಅದೇ ಇಬ್ಬರು ಎಲ್ಲ ಪಂಚನಾಮೆಗೂ ಸಹಿ. ಕೋರ್ಟಿನಲ್ಲಿ ವಕೀಲರು "ಇದು ಎಷ್ಟನೇ ಕೇಸು ನಿಮ್ಮದು?" ಅಂತ ಕೇಳಿದರೆ ಮುಗೀತು.

ಲಿಖಿತ ಆದೇಶ ಕೊಟ್ಟು ಕರೆದರೂ ಕಾರಣವಿಲ್ಲದೆ ಬರದಿದ್ದರೆ ಅದೇ ಒಂದು ಅಪರಾಧ. ಅದು ರಾಶಿ ಮಂದಿಗೆ ಗೊತ್ತಿಲ್ಲ. ನನ್ನ ಪ್ರಕಾರ ಊರವರು ಪಂಚರಾಗಿ ಹೋಗಬೇಕು. ಹೋಗಿ, ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಬೇಕು. ಖಾಲಿ ಹಾಳೆಗೆ ಸಹಿ ಹಾಕುವವನಿಂದಲೇ ಆರೋಪಿಗೂ ಕಷ್ಟ, ಪ್ರಾಮಾಣಿಕ ಪಿಎಸ್‌ಐಗೂ ಕಷ್ಟ.

ಅಡಿಕೆ ಅಂಗಳ, ಶಿರಸಿ

ಅರೆಸ್ಟ್ ಬಗ್ಗೆ ಯಾರಾದ್ರೂ ಹೇಳಿ. ನಮ್ಮ ಸಂಬಂಧಿಕರಲ್ಲಿ ಜಾಗದ ಗಲಾಟೆ ಆಗಿ ಭಾವನವರನ್ನ ಸಂಜೆ ಕರಕೊಂಡು ಹೋದ್ರು. ಕೇಳಿದ್ರೆ "ಅರೆಸ್ಟ್ ಅಲ್ಲ, ವಿಚಾರಣೆ" ಅಂದ್ರು. ರಾತ್ರಿ ಪೂರ್ತಿ ಬೆಂಚ್ ಮೇಲೆ ಕೂರಿಸಿದ್ರು. ಮರುದಿನ ಎಪ್ಪತ್ತು ದಾಟಿದ ಅತ್ತೆಯನ್ನೂ ಹೇಳಿಕೆಗೆ ಬರಲಿಕ್ಕೆ ಹೇಳಿದ್ರು. ಆಗ ಯಾರಿಗೂ ಎಂತ ಮಾಡಬೇಕು ಗೊತ್ತಾಗಲಿಲ್ಲ. ಆ ವಿಷಯ ಈಗ ರಾಜಿಯಲ್ಲಿ ಮುಗಿದಿದೆ, ಮುಂದಿನವರಿಗಾದ್ರೂ ಉಪಯೋಗ ಆಗಲಿ ಹೇಳಿ ಕೇಳ್ತಾ ಇದ್ದೆ.

ಕರಿಕೋಟು, ಕುಮಟಾ

ಅಕ್ಕಾ, ಮೊದಲು ಅತ್ತೆಯವರ ವಿಷಯ, ಯಾಕೆಂದರೆ ಅದು ಸುಲಭ. ಸಾಕ್ಷಿ ಹೇಳಿಕೆಗೆ ಹೆಂಗಸರನ್ನು, ಅರವತ್ತು ದಾಟಿದವರನ್ನು, ಹದಿನೈದರೊಳಗಿನ ಹುಡುಗರನ್ನು, ಅಂಗವಿಕಲರನ್ನು ಠಾಣೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ. ಅವರಿದ್ದ ಮನೆಗೇ ಪೊಲೀಸರು ಹೋಗಬೇಕು. ಹಳೆ ಸಿಆರ್‌ಪಿಸಿಯಲ್ಲಿ 160, 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 179ನೇ ಕಲಂ.

ಭಾವನವರದ್ದು ಇಲ್ಲಿ ತೀರ ಮಾಮೂಲಿ ಆಟ. ಅರೆಸ್ಟ್ ಅಲ್ಲವಾದರೆ ಎದ್ದು ಮನೆಗೆ ಬರಲು ಬಿಡಬೇಕು. ಬಿಡುವುದಿಲ್ಲವಾದರೆ ಅದು ಬಂಧನ. ಕಾಗದದಲ್ಲಿ ಯಾವ ಹೊತ್ತು ಬರೆದರೂ 24 ಗಂಟೆಯ ಲೆಕ್ಕ ತಡೆದಿಟ್ಟ ಹೊತ್ತಿನಿಂದ ಅಂತ ನಾವು ವಾದಿಸುತ್ತೇವೆ. ಅದಕ್ಕೇ ಕರೆದುಕೊಂಡು ಹೋದ ಹೊತ್ತು ಮನೆಯವರು ಬರೆದಿಟ್ಟುಕೊಳ್ಳಬೇಕು. ಠಾಣೆಗೆ ಫೋನ್ ಮಾಡಿದ್ದರೆ ಆ ಕಾಲ್ ಲಾಗ್ ಅಳಿಸಬೇಡಿ. ಅಕ್ರಮವಾಗಿ ಕೂಡಿಹಾಕಿದ್ದಾರೆ ಅನ್ನುವ ಅನುಮಾನವಿದ್ದರೆ ಸಂಹಿತೆಯ 100ನೇ ಕಲಮಿನಲ್ಲಿ ಉಪವಿಭಾಗೀಯ ಮ್ಯಾಜಿಸ್ಟ್ರೇಟರಿಗೂ, ಅಂದರೆ ನಮ್ಮ ಎಸಿಯವರಿಗೂ, ಅರ್ಜಿ ಕೊಡಬಹುದು. ಶಿರಸಿಯಲ್ಲೇ ಇದ್ದಾರೆ. ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಹೇಬಿಯಸ್ ಕಾರ್ಪಸ್ ಅರ್ಜಿಗೆ ಹೈಕೋರ್ಟಿನ ಧಾರವಾಡ ಪೀಠ.

ಇನ್ನು ಬಂಧನದ ಕ್ರಮ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಹಿಡಿದುಕೊಂಡು ಹೋಗುವುದೇ ಮೊದಲ ಹೆಜ್ಜೆ ಆಗಬಾರದು. 2014ರ ಅರ್ನೇಶ್ ಕುಮಾರ್ ತೀರ್ಪು. ಮೊದಲು ಹಾಜರಾಗಲು ನೋಟಿಸ್, ಈಗ 35(3)ನೇ ಕಲಂ. ನೋಟಿಸಿಗೆ ಸರಿಯಾಗಿ ಹಾಜರಾದವರನ್ನು ಬಂಧಿಸಬೇಕಾದರೆ ಕಾರಣ ಬರೆಯಬೇಕು. ಆ ನೋಟಿಸ್ ವಾಟ್ಸಾಪಿನಲ್ಲಿ ಕಳಿಸಿದರೆ ಆಗುವುದಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧ, ಆರೋಪಿ ಅರವತ್ತು ದಾಟಿದವರು ಅಥವಾ ಅಶಕ್ತರು ಅಂತಾದರೆ ಡಿವೈಎಸ್‌ಪಿ ದರ್ಜೆಯ ಅನುಮತಿ ಬೇಕು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವುದು ತೀರ ಅಪರೂಪದ ಸಂದರ್ಭದಲ್ಲಿ ಮಾತ್ರ, ಅದೂ ಮ್ಯಾಜಿಸ್ಟ್ರೇಟರ ಮೊದಲ ಅನುಮತಿಯಿಂದ, ಮಹಿಳಾ ಅಧಿಕಾರಿಯಿಂದ.

ಬಂಧಿಸಿದರೆ ಅರೆಸ್ಟ್ ಮೆಮೊ. ಮನೆಯವರೋ ಊರಿನ ಒಬ್ಬ ಮರ್ಯಾದಸ್ಥರೋ ಸಾಕ್ಷಿ ಸಹಿ ಹಾಕಬೇಕು. ಬಂಧಿಸಿದವರ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು. ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಬೇಕು. ಇವೆಲ್ಲ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದು ಈಗ ಕಾನೂನಿನಲ್ಲೇ ಸೇರಿವೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಬೈತಖೋಲ ಬೋಟ್

ನಮ್ಮ ಬೋಟಿನ ಕಲಾಸಿಗಳಲ್ಲಿ ಅರ್ಧಕ್ಕರ್ಧ ಹೊರ ರಾಜ್ಯದವರು. ಒಡಿಶಾ, ಜಾರ್ಖಂಡ್. ಕನ್ನಡ ಮಾತಾಡಲಿಕ್ಕೆ ಕಲಿತಿದ್ದಾರೆ, ಓದಲಿಕ್ಕೆ ಬರುವುದಿಲ್ಲ. ಬಂದರಿನಲ್ಲಿ ಹೊಡೆದಾಟ ಆಯ್ತು ಅಂದರೆ ಮೊದಲು ಅವರನ್ನೇ ಎತ್ತಿಕೊಂಡು ಹೋಗ್ತಾರೆ. ಎಂತಕ್ಕೆ ಹಿಡಿದರು ಅಂತ ಅವರಿಗೇ ತಿಳಿಯುವುದಿಲ್ಲ. ಇಂಥವರಿಗೆ ಎಂತ ಇದೆ ಕಾನೂನಿನಲ್ಲಿ?

ಕರಿಕೋಟು, ಕುಮಟಾ

ಈ ಚರ್ಚೆಯಲ್ಲಿ ನನಗೆ ಅತಿ ಖುಷಿ ಕೊಟ್ಟ ಪ್ರಶ್ನೆ ಇದು. "ಕಾರಣ ತಿಳಿಸಬೇಕು" ಅಂತ 22(1) ಮೊದಲಿನಿಂದ ಹೇಳುತ್ತಿತ್ತು. ಬಾಯಲ್ಲಿ ಹೇಳಿದ್ದೇವೆ ಅಂತ ಪೊಲೀಸರು ಬರೆದುಕೊಂಡರೆ ಮುಗಿಯುತ್ತಿತ್ತು. 2023ರ ಅಕ್ಟೋಬರಿನಲ್ಲಿ ಪಂಕಜ್ ಬನ್ಸಲ್ ತೀರ್ಪು, ಜಾರಿ ನಿರ್ದೇಶನಾಲಯ ಕಾರಣವನ್ನು ಬರಹದಲ್ಲಿ ಕೊಡಬೇಕು ಅಂದಿತು. 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ತೀರ್ಪು ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯ ಕೇಸಿಗೂ ಅದನ್ನೇ ಹೇಳಿತು. 2025ರ ನವೆಂಬರ್ 6ರಂದು ಮಿಹಿರ್ ಶಾ ತೀರ್ಪಿನಲ್ಲಿ ಎಲ್ಲ ಅಪರಾಧಗಳಿಗೂ ಬಂತು: ಕಾರಣ ಬರಹದಲ್ಲಿ ಇರಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಆ ಕ್ಷಣದಲ್ಲಿ ಬರೆದುಕೊಡಲು ಆಗದಂಥ ಸಂದರ್ಭದಲ್ಲಿ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಕಸ್ಟಡಿ ಆದೇಶಕ್ಕೆ ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಗೆ ಸೇರಿಸಬೇಕು. ಇಲ್ಲದಿದ್ದರೆ ಬಂಧನ, ರಿಮಾಂಡ್ ಎರಡೂ ಕಾನೂನುಬಾಹಿರ.

ನಿಮ್ಮ ಒಡಿಯಾ ಹುಡುಗನಿಗೆ ಕನ್ನಡದ ಹಾಳೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಈಗ ಸಾಲದು. ರಿಮಾಂಡ್ ದಿನವೇ ಅವನ ಪರ ಒಬ್ಬ ವಕೀಲ ಎದ್ದು ನಿಂತು ಈ ಮಾತು ಹೇಳಬೇಕು. ಮ್ಯಾಜಿಸ್ಟ್ರೇಟರು ತಾವಾಗಿ ಕೇಳುತ್ತಾರೆ ಅಂತ ನಂಬಿಕೊಂಡು ಕೂರಬೇಡಿ. ಬೋಟ್ ಮಾಲಕರು ಮಾಡಬೇಕಾದ ಕೆಲಸ ಅಂದರೆ ಅವನ ಊರಿನವರ ಫೋನ್ ನಂಬರ್ ಇಟ್ಟುಕೊಳ್ಳುವುದು.

ಬೈತಖೋಲ ಬೋಟ್

ನಂಬರ್ ಎಲ್ಲ ಇದೆ. ಭಾಷಾಂತರ ಮಾಡುವವರು ಯಾರು ಅಂತ ಮಾತ್ರ. ಬೋಟ್ ನಡೆಸುವ ನಮ್ಮ ತಂಡೇಲರೇ ಮಾಡಬೇಕಾಗ್ತದೆ ಕಾಣ್ತದೆ.

ಕೋಡಿಬಾಗದವ

ಇನ್ನೊಂದು ಕೇಳಿ ಮುಗಿಸುತ್ತೇನೆ. ಮೊಬೈಲನ್ನು ಜಪ್ತಿಯೇ ಮಾಡಿದರೆ ನನ್ನ ಕೈಗೆ ಏನು ಕೊಡಬೇಕು? ನನ್ನ ಆಫೀಸಿನ ಲಾಗಿನ್, ಬ್ಯಾಂಕ್ ಎಲ್ಲ ಅದರಲ್ಲೇ.

ಕರಿಕೋಟು, ಕುಮಟಾ

ಜಪ್ತಿ ಪಟ್ಟಿಯ ಪ್ರತಿ. ಅದರಲ್ಲಿ ಮಾಡೆಲ್, ಐಎಂಇಐ ನಂಬರ್, ಸಿಮ್, ಮೆಮೊರಿ ಕಾರ್ಡ್ ಇದ್ದರೆ ಅದು, ಆನ್ ಇತ್ತೋ ಆಫ್ ಇತ್ತೋ, ಎಲ್ಲ ಬರೆಸಿ. ವೀರೇಂದ್ರ ಖನ್ನಾ ತೀರ್ಪಿನಲ್ಲಿ ಮೊಬೈಲನ್ನು ಸಿಗ್ನಲ್ ತಾಗದ ಫ್ಯಾರಡೆ ಚೀಲದಲ್ಲಿ ಹಾಕಿ ಸೀಲ್ ಮಾಡುವ ಮಾತೂ ಇದೆ. ಜಪ್ತಿ ಆದದ್ದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. ಬಿಡಿಸಿಕೊಳ್ಳಲು ಅಲ್ಲೇ ಅರ್ಜಿ ಹಾಕುತ್ತೇವೆ. ಪೂರ್ತಿ ದೇಶಕ್ಕೆ ಡಿಜಿಟಲ್ ಜಪ್ತಿಯ ನಿಯಮ ಬೇಕು ಅಂತ 2023ರ ನವೆಂಬರಿನಲ್ಲಿ ಪತ್ರಕರ್ತರ ಅರ್ಜಿಯೊಂದರಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೆ ಹೇಳಿತ್ತು.

ಹೊಸ ಸಂಹಿತೆಯ 105ನೇ ಕಲಂ ಒಂದು ಒಳ್ಳೆಯ ಕೆಲಸ ಮಾಡಿದೆ. ತಪಾಸಣೆ, ಜಪ್ತಿ, ಪಟ್ಟಿ ಬರೆಯುವುದು, ಪಂಚರು ಸಹಿ ಹಾಕುವುದು ಎಲ್ಲದರ ವಿಡಿಯೋ ಆಗಬೇಕು, ಮೊಬೈಲಿನಲ್ಲಾದರೂ ಸರಿ. ಅದು ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆ ತಪಾಸಣೆಗೆ ಬಂದಾಗ "ವಿಡಿಯೋ ಶುರು ಮಾಡಿದಿರಾ ಸರ್?" ಅಂತ ವಿನಯದಿಂದ ಕೇಳಿ. ಅದು ಅಡ್ಡಿ ಮಾಡಿದಂತಾಗುವುದಿಲ್ಲ.

ಖಾಕಿ ಬಿಚ್ಚಿಟ್ಟವ

ವಿಡಿಯೋ ಆಗಲಿ, ಚಲೋದೇ. ನಮ್ಮ ಕಾಲದಲ್ಲಿ ಇದ್ದಿದ್ದರೆ ಹಣ ತಿಂದರು, ಬಂಗಾರ ಎತ್ತಿದರು ಅನ್ನುವ ಸುಳ್ಳು ದೂರುಗಳಿಂದ ನಾವೂ ಉಳಿಯುತ್ತಿದ್ದೆವು. ಆದರೆ ಜೋಯಿಡಾ ಕಾಡಿನೊಳಗೆ, ಕದ್ರಾ ಆಚೆ, ಸಿಗ್ನಲ್ ಇಲ್ಲದಲ್ಲಿ ಹುಡುಗರು ತಮ್ಮ ಸ್ವಂತ ಮೊಬೈಲಿನಲ್ಲಿ ವಿಡಿಯೋ ಮಾಡ್ತಾರೆ. ಕೋರ್ಟಿನಲ್ಲಿ "ಮೂಲ ವಿಡಿಯೋ ಇರುವ ಮೊಬೈಲ್ ಹಾಜರುಪಡಿಸಿ" ಅಂದರೆ ಆ ಪೇದೆಯ ಮೊಬೈಲೇ ಜಪ್ತಿ. ಅದರಲ್ಲಿ ಅವನ ಮನೆಯವರ ಫೋಟೋ ಇರ್ತದಲ್ಲ, ಅದಕ್ಕೆ ಎಂತ ವ್ಯವಸ್ಥೆ ಮೇಡಂ?

ಕರಿಕೋಟು, ಕುಮಟಾ

ಅದಕ್ಕೂ 21ನೇ ವಿಧಿಯೇ ಸಾಹೇಬ್ರೆ. ಇಲಾಖೆ ಪ್ರತಿ ಠಾಣೆಗೂ ಬೇರೆ ಮೊಬೈಲ್, ಮೆಮೊರಿ ಕಾರ್ಡ್ ಕೊಡಬೇಕು ಅಂತ ನಿಮ್ಮ ಸಂಘದವರು ಬರೆದು ಕೊಡಲಿ. ಪ್ರತಿ ನನಗೂ ಕಳಿಸಿ.